ಭಾನುವಾರದ ಚರ್ಚೆ: ನೀತಿಗೆ ಧರ್ಮದ ಆಸರೆ ಬೇಕೇ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4.30ಕ್ಕೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಸೇರೋಣ. ಮಳೆ ಬಂದರೆ ಎಂದಿನಂತೆ ಮೇಷ್ಟರ ಮನೆಯ ಜಗಲಿ.

ಬರುವ ಮುನ್ನ ಸ್ವಲ್ಪ ಯೋಚಿಸಿ. ದೇವರು ಮೆಚ್ಚುವುದರಿಂದ ಒಂದು ಕೆಲಸ ಒಳ್ಳೆಯದಾಗುತ್ತದೆಯೋ, ಒಳ್ಳೆಯದಾಗಿರುವುದರಿಂದ ದೇವರು ಮೆಚ್ಚುತ್ತಾನೋ? ಇದು ಸಾಕ್ರಟೀಸ್ ಎತ್ತಿದ ಪ್ರಶ್ನೆ. ಇನ್ನೊಂದು ನಮ್ಮ ಜಿಲ್ಲೆಯದೇ. ಶ್ರವಣಬೆಳಗೊಳದಲ್ಲಿ ನೆಲೆನಿಂತ ಜೈನಧರ್ಮ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ; ಆದರೂ ಅಹಿಂಸೆಯಲ್ಲಿ ಅದರಷ್ಟು ಕಟ್ಟುನಿಟ್ಟು ಬೇರೆಲ್ಲಿದೆ? ಹಾಗಾದರೆ ನೀತಿಗೆ ದೇವರು ಬೇಡ, ಧರ್ಮ ಮಾತ್ರ ಬೇಕು ಎನ್ನೋಣವೇ? (ನನಗೆ ಎರಡೂ ಅನಿವಾರ್ಯವೆನಿಸುವುದಿಲ್ಲ. ವಾದಕ್ಕೆ ಸಿದ್ಧನಿದ್ದೇನೆ.)

ಒಬ್ಬೊಬ್ಬರಿಗೆ ಐದು ನಿಮಿಷ. ಯಾರ ನಂಬಿಕೆಯನ್ನೂ ಹೀಯಾಳಿಸುವುದು ಬೇಡ, ಪ್ರವಚನದ ವಿಡಿಯೊಗಳೂ ಬೇಡ. ಕಾಫಿಯ ಲೆಕ್ಕಕ್ಕಾಗಿ, ಬರುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿ.