ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಸಿಕ್ಕ ಯಜಮಾನರಿಗೆ

ಹಾಸನಾಂಬೆ ಗುಡಿಯ ಬಾಗಿಲು ತೆಗೆದಿದ್ದ ವಾರ. ಗಲ್ಲದ ಮೇಲೆ ಮೂರು ಗಾಯ ಮಾಡಿಕೊಂಡು ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಕಟಿಂಗ್ ಶಾಪಿಗೆ ಹೋಗಿದ್ದೆ. ತಾತನ ಟ್ರಂಕಿನಲ್ಲಿ ಸಿಕ್ಕ ಮಡಚುವ ಕತ್ತಿಯಲ್ಲಿ ನಾನೇ ಶೇವ್ ಮಾಡಿಕೊಳ್ಳಲು ಹೋದ ಫಲ. ಪಟಿಕ ಉಜ್ಜಿದಾಗ ಉರಿ ನೆತ್ತಿಗೇರಿತು.

ಬೆಂಚಿನ ಮೇಲೆ ಕೂತಿದ್ದ ಬಿಳಿ ಮೀಸೆಯ ಯಜಮಾನರೇ, ಮೊದಲು ನೀವು ಚೆನ್ನಾಗಿ ನಕ್ಕಿರಿ. ಆಮೇಲೆ "ಕತ್ತಿ ತಂದಿದ್ದೀಯೇನಪ್ಪಾ? ಕೊಡಿಲ್ಲಿ" ಅಂದಿರಿ. ನನ್ನ ಬೆಲ್ಟನ್ನೇ ಕಿಟಕಿ ಸರಳಿಗೆ ಸಿಕ್ಕಿಸಿ, ಎಳೆದು ಹಿಡಿದು, ಹರಿತವಾಗಲಿ ಅಂತ ಅದರ ಮೇಲೆ ಕತ್ತಿ ಸವರಿದಿರಿ. "ಕತ್ತಿ ಬೆನ್ನು ಮುಂದೆ ಹೋಗ್ಬೇಕು, ಹರಿತವಾದ ಬಾಯಿ ಹಿಂದೆ ಬರ್ಬೇಕು. ತುದಿಗೆ ಬಂದ್ಮೇಲೆ ಬೆನ್ನಿನ ಮೇಲೇ ಹೊರಳಿಸು." ನಾನು ಉಲ್ಟಾ ಮಾಡಿ ಹಳೇ ಬೆಲ್ಟನ್ನೇ ಕುಯ್ದಿದ್ದೆ!

ಎಡಗೈಯಲ್ಲಿ ಚರ್ಮ ಬಿಗಿ ಹಿಡಿಯೋದು, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆ ಇಡೋದು, ಮೊದಲು ಕೂದಲು ಬೆಳೆದ ದಿಕ್ಕಿಗೇ ಎಳೆಯೋದು, ಒತ್ತದೇ ಇರೋದು. ಎಲ್ಲಾ ನಿಮ್ಮ ಕೆನ್ನೆ ಮೇಲೇ ತೋರಿಸಿದಿರಿ.

ನನ್ನ ಕಟಿಂಗ್ ಮುಗಿಯುವಷ್ಟರಲ್ಲಿ ನೀವಿರಲಿಲ್ಲ. ಹೆಸರೂ ಕೇಳಲಿಲ್ಲ, ಒಂದು ಕಾಫಿನೂ ಕೊಡಿಸಲಿಲ್ಲ. ತುಂಬಾ ಥ್ಯಾಂಕ್ಸ್. ಈಗ ಕೆನ್ನೆ ಸಲೀಸು. ಗಂಟಲ ಗಂಟಿನ ಹತ್ತಿರ ಮಾತ್ರ ಇನ್ನೂ ಕೈ ನಡುಗುತ್ತದೆ, ಅಲ್ಲಿಗೆ ಮಾಮೂಲಿ ರೇಜರೇ.