ಡೀಸೆಲ್ ಕ್ಯಾನ್ ತಂದ ಅಣ್ಣನಿಗೆ

ಮೊನ್ನೆ ಪಿಎಚ್‌ಡಿ ವೈವಾ ಮುಗಿಯಿತು. ಐದು ವರ್ಷ ಚರ್ಮದ ಕ್ಯಾನ್ಸರ್, ಸ್ಟೆಮ್ ಸೆಲ್ ಅಂತ ನಿಮ್ಮೆಲ್ಲರ ತಲೆ ತಿಂದಿದ್ದೇನೆ, ಮತ್ತೆ ಶುರು ಮಾಡಲ್ಲ.

ಗೈಡ್ ಮೇಡಂ, ಅಮ್ಮ, ಹಾಸ್ಟೆಲ್ ಗೆಳತಿಯರು, ಎಲ್ಲರಿಗೂ ಥ್ಯಾಂಕ್ಸ್. 'ಹೊಸ ಗಡ್ಡೆ ಕಟ್ಟಬಲ್ಲ ಕ್ಯಾನ್ಸರ್ ಕೋಶಗಳು ಯಾವಾಗಲೂ ಅಪರೂಪ' ಅಂತ ನಾನು ಬರೆದಿದ್ದ ಸಾಲು ತಪ್ಪು ಅಂತ ಹಿಡಿದ ಜೂನಿಯರ್‌ಗೆ ಇನ್ನೊಂದು ಥ್ಯಾಂಕ್ಸ್. ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿನ ಸುಮಾರು ನಾಲ್ಕು ಕೋಶಕ್ಕೆ ಒಂದು ಹೊಸ ಗಡ್ಡೆ ಕಟ್ಟುತ್ತದೆ ಅಂತ 2008ರಲ್ಲೇ ತೋರಿಸಿದ್ದಾರೆ. ವೈವಾದಲ್ಲಿ ಮೊದಲು ಕೇಳಿದ್ದೇ ಅದು!

ಇನ್ನು ನಮ್ಮ ಲ್ಯಾಬಿನ ಅಟೆಂಡರ್ ಅಣ್ಣ.

ಆಷಾಢದ ಮಳೆ. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ಜನರೇಟರ್‌ನಲ್ಲಿ ಡೀಸೆಲ್ ಇಲ್ಲ. ಯಾರೂ ತುಂಬಿಸಿರಲಿಲ್ಲ. ಇನ್‌ಕ್ಯುಬೇಟರ್‌ನಲ್ಲಿ ಹನ್ನೊಂದು ದಿನದಿಂದ ಕ್ಯಾನ್ಸರ್ ಕೋಶ ಬೆಳೆಸುತ್ತಿದ್ದ ಪ್ಲೇಟುಗಳು. 37 ಡಿಗ್ರಿ ಬಿಸಿ ಬಹಳ ಹೊತ್ತು ಇಳಿದರೆ ಕಷ್ಟ. ಡ್ಯೂಟಿ ಮುಗಿಸಿ ಮನೆ ಸೇರಿದ್ದ ಅಣ್ಣ ಫೋನ್ ಮಾಡಿದ ತಕ್ಷಣ ಹೊರಟರು. ಬಿ.ಎಂ. ರಸ್ತೆಯ ಬಂಕಿನಿಂದ ಕ್ಯಾನ್ ತುಂಬಿಸಿಕೊಂಡು, ಟಿವಿಎಸ್ ಮೇಲೆ, ತೊಯ್ದು ತೊಪ್ಪೆಯಾಗಿ ಬಂದರು.

ಅಷ್ಟರಲ್ಲಿ ಅರ್ಧದಷ್ಟು ಪ್ಲೇಟುಗಳು ಹಾಳಾಗಿದ್ದವು. ನಾನು ನೆಲದ ಮೇಲೆ ಕೂತು ಅತ್ತೆ. ಸುಮ್ನೆ ಅತ್ತಿದ್ದಲ್ಲ, 'ಪಿಎಚ್‌ಡಿ ಬಿಡುತ್ತೇನೆ' ಅಂತ ಮೇಲ್ ಟೈಪ್ ಮಾಡಿ ಇಟ್ಟಿದ್ದೆ. ಅಣ್ಣ ಸಮಾಧಾನ ಹೇಳಲಿಲ್ಲ. ಸ್ಟೂಲ್ ಎಳೆದುಕೊಂಡು ಬೆಳಗಿನವರೆಗೆ ಕೂತರು. ಉಳಿದವುಗಳಲ್ಲಿ ಒಂದು ಪ್ಲೇಟನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ತಳಕ್ಕೆ ಅಂಟದೆ ಉಂಡೆ ಕಟ್ಟಿ ತೇಲುತ್ತಿದ್ದ ಕೋಶಗಳು.

"ಸಬ್ಬಕ್ಕಿ ಪಾಯಸ ಇದ್ದಂಗೈತಲ್ಲ ಮೇಡಂ. ಇದನ್ಯಾಕೆ ಉಳಿಸ್ಕಂತೀರಿ, ಕ್ಯಾನ್ಸರ್ ಅಲ್ವಾ?"

ಔಷಧಿ ಬೇಗ ಬೇಗ ಒಡೆದು ಎರಡಾಗುವ ಕೋಶಗಳನ್ನು ಕೊಲ್ಲುತ್ತದೆ, ಇವುಗಳಲ್ಲಿ ಕೆಲವು ನಿಧಾನಕ್ಕೆ ಒಡೆಯುತ್ತವೆ, ತಪ್ಪಿಸಿಕೊಂಡು ಮತ್ತೆ ಗಡ್ಡೆ ಕಟ್ಟಬಹುದು ಅಂದೆ. ಅಣ್ಣನಿಗೆ ಊರಲ್ಲಿ ಅರ್ಧ ಎಕರೆ ಆಲೂಗಡ್ಡೆ ಹೊಲ ಇದೆ. "ಜೇಕು ಕಳೆ ಅನ್ನಿ. ಮೇಲೆ ಕಿತ್ರೆ ನಾಕು ದಿನ ಹೊಲ ಚೆಂದ ಕಾಣ್ತದೆ. ಗಡ್ಡೆ ಮಣ್ಣಲ್ಲೇ ಇರ್ತದಲ್ಲ" ಅಂದರು.

ನನ್ನ ಮೊದಲ ಅಧ್ಯಾಯ ನಲವತ್ತು ಪುಟ. ಅದರಲ್ಲಿ ಇಷ್ಟು ಸರಿಯಾಗಿ ಎಲ್ಲೂ ಹೇಳಿಲ್ಲ. ಬೆಳಿಗ್ಗೆ ಆ ಮೇಲ್ ಅಳಿಸಿದೆ.

ಅಣ್ಣ, ಥೀಸಿಸ್‌ನ ಒಂದು ಪ್ರತಿ ನಿಮ್ಮ ಸ್ಟೂಲ್ ಮೇಲೆ ಇಟ್ಟಿದ್ದೇನೆ. ಮೂರನೇ ಅಧ್ಯಾಯದ ಮೊದಲ ಫೋಟೋ ನೋಡಿ, ಅದೇ ಸಬ್ಬಕ್ಕಿ. ಡೀಸೆಲ್ ದುಡ್ಡು ಒಳಗೇ ಇದೆ, ಈ ಸಲ ವಾಪಸ್ ಕೊಡಬೇಡಿ.