ಹುಲ್ಲಿನ ಮಡ್ಡಿ ಖರಾಬು ಭೂಮಿಯಲ್ಲ

ಮಾನ್ಯರೇ,

ಬೀದರ್ ಸುತ್ತಮುತ್ತ ಮುಂಗಾರಿಗೆ ಬಿತ್ತಿದ ಸೋಯಾ, ಹೆಸರು, ಉದ್ದು ಚಿಗುರೊಡೆಯುವ ಹೊತ್ತಿಗೆ ಚಿಗರಿ, ಅಂದರೆ ಕೃಷ್ಣಮೃಗದ ಹಿಂಡು ಹೊಲಕ್ಕಿಳಿಯುವುದು ವಾಡಿಕೆಯಾಗಿದೆ. ಅದೇ ಜುಲೈ ತಿಂಗಳಲ್ಲಿ ವನಮಹೋತ್ಸವದ ಹೆಸರಿನಲ್ಲಿ ಪಕ್ಕದ ಮಡ್ಡಿ (ಹುಲ್ಲು ಬೆಳೆಯುವ ಗಟ್ಟಿ ನೆಲದ ಬಯಲು), ಗಾಯರಾಣ (ಊರಿನ ಗೋಮಾಳ)ಗಳಲ್ಲಿ ಸಸಿ ನೆಡಲು ಗುಂಡಿ ತೋಡುವುದೂ ನಡೆಯುತ್ತದೆ. ಈ ಎರಡಕ್ಕೂ ಇರುವ ನಂಟನ್ನು ಸಂಬಂಧಪಟ್ಟವರು ಗಮನಿಸಬೇಕಾಗಿದೆ.

ಚಿಗರಿ ದಟ್ಟ ಕಾಡಿನ ಪ್ರಾಣಿಯಲ್ಲ. ತೋಳವನ್ನು ದೂರದಿಂದಲೇ ಕಂಡು ಓಟದ ಬಲದಿಂದ ಪಾರಾಗುವ ಅದಕ್ಕೆ ಬಯಲೇ ಆಸರೆ, ಹುಲ್ಲೇ ಮುಖ್ಯ ಆಹಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿಗರಿಯೂ ಇದೆ, ತೋಳವೂ ಇದೆ. ಆದರೆ ಅವು ಬದುಕುವ ಮಡ್ಡಿ ಮಾತ್ರ ಕಂದಾಯ ದಾಖಲೆಗಳಲ್ಲಿ ಎಷ್ಟೋ ಕಡೆ 'ಖರಾಬು', ಅಂದರೆ ಸಾಗುವಳಿಗೆ ಬಾರದ ಭೂಮಿ ಎನಿಸಿಕೊಂಡಿದೆ. ಖರಾಬು ಎಂದು ಬರೆದ ಮೇಲೆ ಅಲ್ಲಿ ಏನು ನೆಟ್ಟರೂ ಅದು ಸುಧಾರಣೆಯೇ ಎಂಬ ಭಾವನೆ ತಾನಾಗಿ ಬರುತ್ತದೆ. ನೆಡುತೋಪಿನ ನೆರಳು ದಟ್ಟವಾದಂತೆ ಹುಲ್ಲು ಸೊರಗುತ್ತದೆ, ಚಿಗರಿ ಹೊಲದ ದಾರಿ ಹಿಡಿಯುತ್ತದೆ, ಕುರಿಗಾಹಿಗಳಿಗೂ ಮೇವಿಲ್ಲದಂತಾಗುತ್ತದೆ. ಬೇಟೆ ಸಿಗದ ತೋಳ ಕುರಿಹಟ್ಟಿಗೆ ಬರುತ್ತದೆ. ಕೃಷ್ಣಮೃಗಕ್ಕೆಂದೇ 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದ ದೊಡ್ಡ ಭಾಗವೇ ನೀಲಗಿರಿ ನೆಡುತೋಪಾಗಿದ್ದುದನ್ನು ಕಂಡ ಮೇಲೂ ನಾವು ಎಚ್ಚೆತ್ತುಕೊಂಡಿಲ್ಲ.

ನೆರೆಯ ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ 2011ರಲ್ಲಿ ಸುಮಾರು 135 ಚದರ ಕಿ.ಮೀ. ಕಾಡು ವನ್ಯಜೀವಿ ಧಾಮವಾದದ್ದು ಸಂತೋಷದ ವಿಷಯ. ಆದರೆ ಊರೂರಿನ ನಡುವೆ ಹಂಚಿಹೋಗಿರುವ ಹುಲ್ಲಿನ ಮಡ್ಡಿಗಳನ್ನು ಹಾಗೆ ಬೇಲಿ ಹಾಕಿ ಧಾಮ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಮಿತವಾಗಿ ಮೇಯಿಸುತ್ತ ಬಯಲಾಗಿಯೇ ಉಳಿಸಿಕೊಂಡರೆ ಸಾಕು. ಸಸಿಗಳಿಗೆ ರಸ್ತೆಬದಿ, ಶಾಲಾ ಆವರಣ, ಒಪ್ಪುವ ರೈತರ ಬದುಗಳು ಇದ್ದೇ ಇವೆ.

ಇದರ ಜೊತೆಗೆ, ಓಡುವ ಭರದಲ್ಲಿ ಪ್ರಾಣಿಗಳು ಬೀಳುವ ತೆರೆದ ಬಾವಿಗಳಿಗೆ ಕಟ್ಟೆ ಕಟ್ಟಿಸಬೇಕು. ಬೆಳೆ ನಷ್ಟದ ಪರಿಹಾರವು ಮರುಬಿತ್ತನೆಯ ಹದ ಮೀರುವ ಮೊದಲೇ ರೈತನ ಕೈಸೇರಬೇಕು; ಆ ಪರಿಹಾರಕ್ಕಾಗಿ ಚಿಗರಿ ಮೇಯ್ದ ಸಾಲನ್ನು ಕೀಟ ತಿಂದ ಸಾಲಿನಿಂದ ಬೇರ್ಪಡಿಸಿ ಫೋಟೊದಲ್ಲಿ ತೋರಿಸುವ ಕಷ್ಟ ತೋರಿಸಬೇಕಾದವನಿಗಷ್ಟೇ ಗೊತ್ತು. ಸಹನೆ ಬತ್ತಿದ ರೈತ ಬೇಲಿಗೆ ಕಳ್ಳ ಕರೆಂಟು ಹಾಯಿಸಿದರೆ ಚಿಗರಿಯಷ್ಟೇ ಅಲ್ಲ, ದನ ಕಾಯುವ ಹುಡುಗನೂ ಸಾಯಬಹುದು.

ಬರುವ ವರ್ಷ ಗುಂಡಿ ತೋಡುವ ಮೊದಲು ಅರಣ್ಯ ಮತ್ತು ಕಂದಾಯ ಇಲಾಖೆಗಳು ಕುರಿಗಾಹಿಗಳನ್ನು ಜೊತೆಗೂಡಿಸಿಕೊಂಡು ಹುಲ್ಲಿನ ಮಡ್ಡಿಗಳನ್ನು ಗುರುತಿಸಿ, ಅವುಗಳ ಸರ್ವೆ ನಂಬರುಗಳನ್ನು ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸಲಿ.

– ಒಬ್ಬ ರೈತ, ಬೀದರ್ ತಾಲ್ಲೂಕು